ತಳವಾರಘಟ್ಟದಿಂದ ಆನೆಗೊಂದಿಗೆ ಹರಿಗೋಲಲ್ಲಿ ದಾಟಿದವರು ಅನುಭವ ಹೇಳಿ

ಅಮ್ಮನ ಮಗ: ಆಗಸ್ಟ್‌ನಲ್ಲಿ ಅಮ್ಮನನ್ನು ಹಂಪಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ವಿಠ್ಠಲನ ಗುಡಿ ನೋಡಿ, ತಳವಾರಘಟ್ಟದಲ್ಲಿ ತುಂಗಭದ್ರಾ ಹೊಳೆ ದಾಟಿ ಆಚೆ ದಡದ ಆನೆಗೊಂದಿಗೆ ಹೋಗಬೇಕು ಅಂತ ಅವರ ಆಸೆ. ಮಂಡಿ ನೋವಿದೆ. ಹರಿಗೋಲು ಹತ್ತಿ ಇಳಿಯೋದು ಕಷ್ಟವಾ?

ಬುಲೆಟ್ ಸವಾರ: ನಾನು ಬೈಕ್ ಸಮೇತ ದಾಟಿದವನು. ತಲೆಗೆ 50, ಬೈಕಿಗೆ 100 ಅಂತ ಮಾತಾಯಿತು. ಇಬ್ಬರು ಸೇರಿ ಮುಂದಿನ ಚಕ್ರ ಎತ್ತಿ ಅಂಚು ದಾಟಿಸಿ ಒಳಗಿಟ್ಟರು. ಆಚೆ ದಡದಲ್ಲಿ ‘ಎತ್ತಿ ಇಳಿಸಿದ್ದಕ್ಕೆ ಬೇರೆ’ ಅಂತ ಇನ್ನೂ 200! ವಾಪಸ್ ಬರುವಾಗಲೂ ಅದೇ ಕತೆ. ಸೈಲೆನ್ಸರ್ ತಾಗಿ ಕಾಲು ಸುಟ್ಟಿತು, ಮುಲಾಮಿಗೆ 65. ಪ್ಯಾಂಟಿಗೆ ಹತ್ತಿದ ಡಾಂಬರು ಸೀಮೆಎಣ್ಣೆ ಹಾಕಿ ತಿಕ್ಕಿದರೂ ಹೋಗಲಿಲ್ಲ. 1,200ರ ಪ್ಯಾಂಟು ಅದು. ಲೆಕ್ಕ ಹಾಕಿಕೊಳ್ಳಿ. ಆದರೂ ಬೈಕ್ ಹರಿಗೋಲಲ್ಲಿ ನಿಂತಿರೋ ಫೋಟೊ ಇದೆ ನನ್ನ ಹತ್ರ, ಅದು ನಿಮ್ಮ ಯಾರ ಹತ್ರಾನೂ ಇರಲ್ಲ.

ಗಂಗಾವತಿ ಕಡೆಯವ: ಎಷ್ಟು ಲೆಕ್ಕ ರೀ ನಿಮ್ದು! ನಮ್ಮ ಮಾವ ಹರಿಗೋಲು ಕಟ್ಟೋರು. ಬಿದಿರು ಸೀಳಿ, ಹೆಣೆದು, ಪ್ಲಾಸ್ಟಿಕ್ ಚೀಲ ಹೊದಿಸಿ, ಡಾಂಬರು ಕಾಯಿಸಿ ಬಳಿಯಬೇಕು. ಮೊದಲೆಲ್ಲ ಚರ್ಮ ಹೊದಿಸುತ್ತಿದ್ದರು. 16ನೇ ಶತಮಾನದಲ್ಲಿ ಬಂದ ಪೋರ್ಚುಗೀಸರ ಪಾಯೆಸ್ ಇದನ್ನೇ ಬರೆದಿದ್ದಾನೆ, ಬೇಕಾದರೆ ಕುದುರೆ, ಎತ್ತನ್ನೂ ದಾಟಿಸುತ್ತಿದ್ದರಂತೆ. ಒಂದೇ ಬದಿಗೆ ಹುಟ್ಟು ಹಾಕಿದರೆ ಇದ್ದಲ್ಲೇ ಗಿರಗಿರ ತಿರುಗುತ್ತೆ. ಮುಂದೆ ಕೂತು ನೀರನ್ನು ತನ್ನ ಕಡೆಗೆ ಎಳೆಯಬೇಕು. ಸೆಳವು ಕೆಳಕ್ಕೆ ತಳ್ಳುತ್ತೆ ಅಂತ ಮೊದಲು ದಡದಗುಂಟ ಮೇಲಕ್ಕೆ ಹೋಗಿ ಆಮೇಲೆ ಬಿಡ್ತಾರೆ. ನಿಮ್ಮ ಬುಲೆಟ್ ಎತ್ತಿದವರ ಸೊಂಟಕ್ಕೆ ಯಾರು ಮುಲಾಮು ಕೊಡಿಸಿದರು?

ಬುಲೆಟ್ ಸವಾರ: ಸೊಂಟಕ್ಕೆ ಸೇರಿಸಿಯೇ 200 ಕೊಟ್ಟಿದ್ದೀನಿ ಸ್ವಾಮಿ. ದರ ಮೊದಲೇ ಹೇಳಿ ಅಂದದ್ದು, ಅಷ್ಟೇ.

ಅಮ್ಮನ ಮಗ: ಮಂಡಿ ನೋವಿದ್ದವರು ಯಾರಾದ್ರೂ ಹೋಗಿದ್ದೀರಾ?

ದಾವಣಗೆರೆ ಅಕ್ಕ: ನಮ್ಮತ್ತೆಯನ್ನು ಕರೆದೊಯ್ದಿದ್ದೆ. ಪಾದ ಮುಳುಗುವಷ್ಟು ನೀರಿಗಿಳಿದೇ ಹತ್ತಬೇಕು. ಒಳಗೆ ಕುರ್ಚಿ ಗಿರ್ಚಿ ಇಲ್ಲ, ಬಿದಿರಿನ ಸಂದಿಯಲ್ಲಿ ನೀರು ನಿಂತಿರುತ್ತೆ. ಹುಡುಗ ಪ್ಲಾಸ್ಟಿಕ್ ಮಗ್ಗಿನಲ್ಲಿ ಮೊಗೆದು ಮೊಗೆದು ಚೆಲ್ಲುತ್ತಿದ್ದ. ಅತ್ತೆ ಹತ್ತಿದರು, ಏಳಲಿಲ್ಲ! ಇಬ್ಬರು ಎತ್ತಿ ಇಳಿಸಿದರು. ಅವರ ಮಗ ದಡದಲ್ಲಿ ನಿಂತು ವಿಡಿಯೊ ಮಾಡುತ್ತಿದ್ದರು. ಅದಕ್ಕೆ ಇನ್ನೂ ಜಗಳ ನಡೀತಿದೆ ಮನೇಲಿ.

ಹೊಳೆ ಕಂಡವನು: ಆಗಸ್ಟ್ ಅಂದ್ರೆ ಮರೆತುಬಿಡಿ. ಡ್ಯಾಂ ಗೇಟು ಎತ್ತಿ ಹೊಳೆ ಬಂತು ಅಂದ್ರೆ ಹರಿಗೋಲು ಬಂದ್, ಹೊಳೆ ದಡದ ಪುರಂದರ ಮಂಟಪವೇ ಮುಳುಗುತ್ತೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಂನ 19ನೇ ಗೇಟು ಕೊಚ್ಚಿಹೋದ ವಾರ ನಾನು ಅಲ್ಲೇ ಇದ್ದೆ. ರೂಮಿನ ಅಡ್ವಾನ್ಸ್ 1,800, ವಾಪಸ್ ಕೊಡಲಿಲ್ಲ. ಕಡೇಬಾಗಿಲು ಸೇತುವೆ ಮೇಲೆ ಸುತ್ತಿಸಿದ ಆಟೊದವನಿಗೆ 900. ಮಳೆಗೆ ಮೊಬೈಲೂ ಹೋಯ್ತು, ರಿಪೇರಿ 2,300.

ಸೇತುವೆ ಪರ: ಸೇತುವೆ ಇರುವಾಗ ಸುಮ್ನೆ ಯಾಕೆ ಬುಟ್ಟೀಲಿ ಕೂರಬೇಕು ಅಂತ? ಲೈಫ್ ಜಾಕೆಟ್ ಕೇಳಿದರೆ ನಗ್ತಾರೆ.

ಗಂಗಾವತಿ ಕಡೆಯವ: ಯಾವ ಸೇತುವೆ ಮಾತು? ತಳವಾರಘಟ್ಟದಲ್ಲೇ ಒಂದು ಕಟ್ಟುತ್ತಿದ್ದರು. ಅದಕ್ಕೇ ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ವಿಶ್ವ ಪರಂಪರೆ ತಾಣಗಳ ಪಟ್ಟಿಗೆ ಹಾಕಿತು, ಕೆಲಸ ನಿಂತಿತು. ಮತ್ತೆ ಶುರುವಾಗಿ 2009ರ ಜನವರಿಯಲ್ಲಿ ಕುಸಿದು ಬಿತ್ತು, ಕೂಲಿಯವರು ಸತ್ತರು. ರಾತ್ರಿ ಹೆರಿಗೆ ನೋವು ಬಂದರೆ ಸುತ್ತಿಕೊಂಡು ಹೋಗಿದ್ದು ನಾವು. ‘ಅಂದ ಕೆಡುತ್ತೆ’ ಅಂದವರು ಬೆಂಗಳೂರಲ್ಲಿ ಕೂತವರು.

ಬೆಂಗಳೂರಲ್ಲೇ ಕೂತವನು: ಅಂದದ ಮಾತು ನಮಗೆ, ಹಂಪಿ ಎದುರು ಹೊಳೆ ನಡುವಿನ ವಿರೂಪಾಪುರ ಗಡ್ಡೆ ತುಂಬ ರೆಸಾರ್ಟ್ ಕಟ್ಟಿದ್ದು ಯಾರು? 2020ರಲ್ಲಿ ಸುಪ್ರೀಂ ಕೋರ್ಟೇ ಒಡೆಯಿರಿ ಅನ್ನಬೇಕಾಯಿತು.

ಗಂಗಾವತಿ ಕಡೆಯವ: ವಾರಕ್ಕೊಮ್ಮೆ ಅಲ್ಲೇ ಬಂದು ಬಿದ್ದಿರುತ್ತಿದ್ದವರು ಯಾರು ಅಂತಲೂ ಹೇಳಿ.

ದಾವಣಗೆರೆ ಅಕ್ಕ: ಬುಲೆಟ್ ಅಣ್ಣ, ಡಾಂಬರಿಗೆ ಕೊಬ್ಬರಿ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಸೀಮೆಎಣ್ಣೆ ಹಾಕಿದರೆ ಬಣ್ಣವೂ ಹೋಗುತ್ತೆ.

ಬುಲೆಟ್ ಸವಾರ: ಹೋಗಿದೆ ಅಕ್ಕಾ.