ಪಾರ್ಕಿನ ಕೊಳ ಚೆಂದ ಆಯ್ತು, ಕಪ್ಪೆಗಳು ಎಲ್ಲಿ ಹೋದವು?

ಮಳೆಹುಚ್ಚ:
ಮನೆ ಪಕ್ಕದ ಪಾರ್ಕಿನಲ್ಲಿ ಮೊದಲು ಒಂದು ಕೆಸರು ಹೊಂಡ ಇತ್ತು. ಮಳೆ ಬಿದ್ದ ರಾತ್ರಿ ಅಲ್ಲಿನ ವಟವಟಕ್ಕೆ ನಿದ್ದೆಯೇ ಬರುತ್ತಿರಲಿಲ್ಲ. ಆಮೇಲೆ ಅದನ್ನು ಆಳ ಮಾಡಿ, ಸುತ್ತ ಸಿಮೆಂಟ್ ಗೋಡೆ ಕಟ್ಟಿ, ಬಣ್ಣದ ಮೀನು ಬಿಟ್ಟರು. ಈಗ ವರ್ಷಪೂರ್ತಿ ನೀರಿದೆ, ಕಪ್ಪೆಯ ಸದ್ದೇ ಇಲ್ಲ. ಆದರೆ ಮೈತುಂಬ ಗುಳ್ಳೆ ಇರುವ ನೆಲಗಪ್ಪೆಗಳು ಮಾತ್ರ ದೀಪದ ಕಂಬದ ಕೆಳಗೆ ದಿನಾ ಹಾಜರ್. ನೀರು ಜಾಸ್ತಿ ಆದರೆ ಕಪ್ಪೆಯೂ ಜಾಸ್ತಿ ಆಗಬೇಕಿತ್ತು ಅಲ್ವಾ?

ಕೆರೆದಂಡೆ:
ಮೀನು ಬಿಟ್ಟರು ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಮೊಟ್ಟೆ, ಗೊದಮೊಟ್ಟೆ ಎಲ್ಲ ಮೀನಿನ ಹೊಟ್ಟೆಗೆ. ಬೇಸಿಗೆಯಲ್ಲಿ ಒಣಗುವ ಹೊಂಡದಲ್ಲಿ ಮೀನು ಬದುಕುವುದಿಲ್ಲ, ಅದಕ್ಕೇ ಎಷ್ಟೋ ಜಾತಿಯ ಕಪ್ಪೆಗಳಿಗೆ ಅಂಥ ಹೊಂಡವೇ ಇಷ್ಟ. ಒಣಗುವುದರೊಳಗೆ ಮರಿಗೆ ಕಾಲು ಮೂಡಿದರೆ ಸಾಕು.

ಹುಲ್ಲುಗಾವಲು:
ಗೋಡೆಯನ್ನು ಮರೀಬೇಡಿ. ಇಂಥದೇ ಒಂದು ಕೊಳದ ಹತ್ತಿರ ಕೂತು ನೋಡಿದ್ದೇನೆ, ಉಗುರಿನಷ್ಟು ಮರಿ, ಬಾಲ ಇನ್ನೂ ಪೂರ್ತಿ ಕರಗಿಲ್ಲ, ಗೋಡೆಗೆ ಅಂಟಿಕೊಂಡು ಹತ್ತುತ್ತದೆ, ಜಾರುತ್ತದೆ, ಮತ್ತೆ ಹತ್ತುತ್ತದೆ, ಕೊನೆಗೆ ನೀರಿಗೇ ಬೀಳುತ್ತದೆ. ಬೆರಳ ತುದಿಯಲ್ಲಿ ಅಂಟುವ ಮೆತ್ತೆ ಇರುವ ಮರಗಪ್ಪೆಗಳಾದರೆ ಹೇಗೋ ಹತ್ತುತ್ತವೆ, ಉಳಿದವಕ್ಕೆ ಕಷ್ಟ. ಒಂದು ಕಡೆಯಾದರೂ ದಡ ಇಳಿಜಾರಾಗಿರಬೇಕು, ಅಂಚಿನಲ್ಲಿ ಹುಲ್ಲು, ಜೊಂಡು ಬೇಕು.

ಗುಳ್ಳೆಮೈ:
ನನ್ನ ಪ್ರೀತಿಯ ನೆಲಗಪ್ಪೆ ಬಗ್ಗೆ ನಾನು ಹೇಳ್ತೀನಿ. ಅದರ ಚರ್ಮ ದಪ್ಪ, ಬೇಗ ಒಣಗುವುದಿಲ್ಲ, ಹಾಗಾಗಿ ನೀರಿನಿಂದ ದೂರ ಇದ್ದರೂ ನಡೆಯುತ್ತದೆ. ಹಗಲು ಕಲ್ಲಿನ ಸಂದಿ, ಕುಂಡದ ಅಡಿ, ತರಗೆಲೆ ರಾಶಿ, ರಾತ್ರಿ ದೀಪಕ್ಕೆ ಬರುವ ಹುಳದ ಊಟ. ಅದರ ಗೊದಮೊಟ್ಟೆಯಲ್ಲೂ ವಿಷ ಇರುವುದರಿಂದ ಹೆಚ್ಚಿನ ಮೀನುಗಳು ಮುಟ್ಟುವುದಿಲ್ಲ. ಆದರೆ ಮೊಟ್ಟೆ ಇಡಲು ಅದಕ್ಕೂ ನೀರು ಬೇಕೇ ಬೇಕು. ಇನ್ನೊಂದು ವಿಷಯ, ಪಾರ್ಕಿನವರು ತರಗೆಲೆ ಗುಡಿಸಿ, ಹುಲ್ಲು ಬೋಳಿಸಿ, ಔಷಧಿ ಹೊಡೆದರೆ ಕೊಳ ಎಷ್ಟು ಚೆನ್ನಾಗಿದ್ದರೂ ದಂಡ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ಔಷಧಿಯೂ ಅದೇ ದಾರಿಯಲ್ಲಿ ಒಳಗೆ ಹೋಗುತ್ತದೆ.

ಮಳೆಹುಚ್ಚ:
ಮೀನು ತೆಗೆಸಿ, ಬೇರೆ ಕೆರೆಯಿಂದ ಒಂದು ಬಕೆಟ್ ಗೊದಮೊಟ್ಟೆ ತಂದು ಬಿಟ್ಟರೆ?

ಕೆರೆದಂಡೆ:
ದಯವಿಟ್ಟು ಬೇಡ. ಅವುಗಳ ಜೊತೆ ಚರ್ಮಕ್ಕೆ ಹತ್ತುವ ಶಿಲೀಂಧ್ರ ರೋಗವೂ ಬರಬಹುದು. ಹತ್ತಿರದಲ್ಲಿ ಕಪ್ಪೆ ಇದ್ದು, ನಡುವೆ ದೊಡ್ಡ ರಸ್ತೆ ಇಲ್ಲದಿದ್ದರೆ ತಾವೇ ಬರುತ್ತವೆ. ಮೊದಲು ಆ ನೆಲಗಪ್ಪೆಗಳು ಎಲ್ಲಿ ಮೊಟ್ಟೆ ಇಡುತ್ತಿವೆ ಅಂತ ಹುಡುಕಿ.

ಮಳೆಹುಚ್ಚ:
ಸಿಕ್ತು! ಪಂಪ್ ರೂಮಿನ ಹಿಂದೆ ಪೈಪ್ ಸೋರಿ ಗುಂಡಿ ಆಗಿದೆ, ಗೇಣುದ್ದ ಆಳವೂ ಇಲ್ಲ. ಅದರಲ್ಲಿ ಕರಿಮಣಿ ಪೋಣಿಸಿದ ಹಾಗೆ ಉದ್ದುದ್ದ ಲೋಳೆ ದಾರ, ಹುಲ್ಲಿಗೆ ಸುತ್ತಿಕೊಂಡಿದೆ. ನಾಳೆ ಪೈಪ್ ರಿಪೇರಿಗೆ ಬರ್ತಾರಂತೆ. ಮರಿಗೆ ಕಾಲು ಮೂಡುವವರೆಗೆ ತಡೀರಿ ಅಂದ್ರೆ ಕೇಳ್ತಾರಾ?