ಮ್ಯಾನ್‌ಹೋಲ್ ಸಾವುಗಳ ಕೆಲಸ: ಫೋನ್ ಬಂದರೆ ಮೈ ಬಿಗಿಯುತ್ತದೆ, ಏನು ಮಾಡಲಿ?

ಪ್ರಶ್ನೆ:
ಆರು ವರ್ಷದಿಂದ ಮ್ಯಾನ್‌ಹೋಲ್‌ಗೆ ಇಳಿದು ಸತ್ತವರ ಮನೆಗಳಿಗೆ ಹೋಗಿ ಪರಿಹಾರದ ಅರ್ಜಿ ಬರೆದುಕೊಡುತ್ತಿದ್ದೇನೆ. ಮಲ ಹೊರುವ ಪದ್ಧತಿ ನಿಷೇಧಿಸುವ ಕಾಯ್ದೆ ಬಂದದ್ದು 2013ರಲ್ಲಿ. 2023ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಆದರೂ ಕಚೇರಿಗೆ ಅಲೆಯುವುದು ತಪ್ಪಿಲ್ಲ. ಈಚೆಗೆ ಫೋನ್ ರಿಂಗಾದರೆ ಸಾಕು, ದವಡೆ ಬಿಗಿದು ಅಂಗೈ ತಣ್ಣಗಾಗುತ್ತದೆ. ಚರಂಡಿ ವಾಸನೆ ಬಂದರೆ, ಮಗನ ಚಪ್ಪಲಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಆ ತಾಯಿ ಕಣ್ಮುಂದೆ ಬರುತ್ತಾಳೆ. ಕೆಲಸ ಬಿಡಲಾರೆ. ನಿಮಗ್ಯಾರಿಗಾದರೂ ಹೀಗಾಗಿದೆಯೇ?

ಉತ್ತರ 1:
ಅಕ್ಕಾ, ನನಗೂ ಆಗಿತ್ತು. ಅಪಾಯ ಕಂಡ ಮೈ ತನ್ನನ್ನು ಕಾಯಲು ಹಾಗೆ ಬಿಗಿಯುತ್ತದೆ, ಅದು ನಿಮ್ಮ ದೌರ್ಬಲ್ಯ ಅಲ್ಲವೇ ಅಲ್ಲ. ಎರಡೂ ಪಾದ ನೆಲಕ್ಕೊತ್ತಿ. ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರು ಬಿಡಿ. ಬಿಡುವಾಗ ಮಿದುಳಿನಿಂದ ಹೃದಯದತ್ತ ಇಳಿಯುವ ವೇಗಸ್ ನರ ಎದೆಬಡಿತವನ್ನು ತಗ್ಗಿಸುತ್ತದೆ.

ಉತ್ತರ 2:
ಉಸಿರಿನ ಅಭ್ಯಾಸ ಎಲ್ಲರಿಗೂ ಒಗ್ಗಲ್ಲ. ಎದೆ ಕಡೆ ಗಮನ ಕೊಟ್ಟರೆ ನನಗೆ ಗಾಬರಿ ಇನ್ನೂ ಏರುತ್ತಿತ್ತು. ಕಣ್ಣು ತೆರೆದೇ ಇಟ್ಟು ಕಿಟಕಿಯಾಚೆಯ ಹೊಂಗೆ ಮರ ನೋಡ್ತಿದ್ದೆ, ತಣ್ಣನೆ ಸ್ಟೀಲ್ ಲೋಟ ಹಿಡ್ಕೊಳ್ತಿದ್ದೆ. ನಿದ್ದೆಯೂ ಕೆಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಮನೆ ಭೇಟಿಗೆ ಒಬ್ಬರೇ ಹೋಗಬೇಡಿ.

ಪ್ರಶ್ನೆ ಕೇಳಿದವರು:
ಇವತ್ತು ಕಚೇರಿ ಬೆಂಚಿನ ಮೇಲೆ ಪಾದ ಒತ್ತಿ ಕೂತೆ. ಹೆಗಲು ಕಿವಿವರೆಗೂ ಏರಿದ್ದು ಮೊದಲ ಸಲ ಗಮನಕ್ಕೆ ಬಂತು. ಗುರುವಾರದ ಭೇಟಿಗೆ ಗೆಳತಿ ಜೊತೆಗೆ ಬರುತ್ತಿದ್ದಾಳೆ.