ಧಾರವಾಡದ ಸರ್ವರ್‌ಗೆ ಬೇಂದ್ರೆ ಸಿಗುತ್ತಿಲ್ಲ! (ಮೂರು ಊರು, ಒಂದು ಹುಡುಕಾಟ)

ಹಳೇಪೇಪರ್ | ಶನಿವಾರ ರಾತ್ರಿ 11:52
ಮೂರು ದಿನದಿಂದ ತಲೆ ಕೆಟ್ಟು ಕೂತಿದ್ದೇನೆ. ಯಾರಾದರೂ ನೋಡಿ ಹೇಳಿ.

ನಾವು ಮೂವರು ಗೆಳೆಯರು ಹಳೆ ಪತ್ರಿಕೆ, ವಿಶೇಷಾಂಕ, ಸ್ಮರಣ ಸಂಚಿಕೆಗಳ ಪಠ್ಯ ಕೂಡಿಹಾಕುತ್ತಿದ್ದೇವೆ. ಶಿವಮೊಗ್ಗದಲ್ಲಿ ನನ್ನದೊಂದು ಸರ್ವರ್, ಮೈಸೂರಲ್ಲಿ ಒಂದು, ಧಾರವಾಡದಲ್ಲಿ ಒಂದು. ಅವರವರ ಸಂಗ್ರಹ ಅವರವರ ಮನೆಯಲ್ಲೇ. ಮೂರರಲ್ಲೂ ಪಠ್ಯ ಹುಡುಕುವ ಸಾಫ್ಟ್‌ವೇರ್ ಎಲಾಸ್ಟಿಕ್‌ಸರ್ಚ್ 8, ನಡುವೆ ವೈರ್‌ಗಾರ್ಡ್ ಟನಲ್, ಅಂದರೆ ಇಂಟರ್ನೆಟ್ ಮೇಲಿನ ಖಾಸಗಿ ದಾರಿ. ನನ್ನ ಕಡೆಯಿಂದ ಕ್ರಾಸ್ ಕ್ಲಸ್ಟರ್ ಸರ್ಚ್. ಒಂದು ಕಡೆ ಕೇಳಿದರೆ ಮೂರೂ ಕಡೆ ಹುಡುಕಿ ತರಬೇಕು.

ಬೇಂದ್ರೆ ಅಂತ ಹುಡುಕಿದರೆ ಶಿವಮೊಗ್ಗ 212, ಮೈಸೂರು 187, ಧಾರವಾಡ 0. ಸೊನ್ನೆ ಸ್ವಾಮಿ! ಆ ಸರ್ವರ್ ಇರುವ ಮನೆಯಿಂದ ಸಾಧನಕೇರಿಗೆ ನಡೆದು ಹೋಗಬಹುದು. ಅದಕ್ಕೆ ಬೇಂದ್ರೆ ಯಾರು ಅಂತಲೇ ಗೊತ್ತಿಲ್ಲ.

ಎರರ್ ಇಲ್ಲ. ಲಾಗ್‌ನಲ್ಲಿ ಏನೂ ಇಲ್ಲ. ಮೂರನ್ನೂ ರೀಸ್ಟಾರ್ಟ್ ಮಾಡಿ ಆಯಿತು. ಸೆಟಿಂಗ್ ಎಲ್ಲಾ ಕಡೆ ಒಂದೇ. ಇನ್ನೇನು ಮಾಡಲಿ?

ಟನಲ್‌ಭಟ್ಟ | ಭಾನುವಾರ 12:08
ವೈರ್‌ಗಾರ್ಡ್ ಅಂದ ಕೂಡಲೇ ಗೊತ್ತಾಯಿತು ಮಾರಾಯ್ರೆ. ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ಬೈಟ್ ಇರಬಹುದು ಅನ್ನುವ ಮಿತಿ. ಡಿಫಾಲ್ಟ್ 1420 ಇರುತ್ತದೆ. ಮನೆ ಬ್ರಾಡ್‌ಬ್ಯಾಂಡ್ ಪಿಪಿಪಿಒಇ (ಲಾಗಿನ್ ಆಗಿ ಸಂಪರ್ಕ ಪಡೆಯುವ ಬಗೆ) ಆದರೆ ಕೆಳಗಿನ ಲೈನೇ 1492. ದೊಡ್ಡ ಪ್ಯಾಕೆಟ್ ದಾರಿಯಲ್ಲೇ ಬಿದ್ದುಹೋಗುತ್ತದೆ, ಚಿಕ್ಕದು ಮಾತ್ರ ದಾಟುತ್ತದೆ. ಪಿಂಗ್ ಚೆನ್ನಾಗಿಯೇ ಬರುತ್ತದೆ, ಅದಕ್ಕೇ ಜನ ಮೋಸ ಹೋಗುವುದು. 1280 ಹಾಕಿ, ನಾಳೆ ಬಂದು ಥ್ಯಾಂಕ್ಸ್ ಹೇಳಿ.

ಪೋರ್ಟ್9200 | ಭಾನುವಾರ 12:31
ಭಟ್ರೆ, ಟನಲ್ ಐಪಿವಿ4 ಮೇಲಿದ್ದರೆ ವೈರ್‌ಗಾರ್ಡ್‌ನ ಹೊರೆ (ಪ್ರತಿ ಪ್ಯಾಕೆಟ್ಟಿಗೆ ಅದು ಸೇರಿಸುವುದು) 60 ಬೈಟ್ ಅಷ್ಟೇ. 1420 ಪ್ಲಸ್ 60, 1480. 1492ರಲ್ಲಿ ಆರಾಮಾಗಿ ಹೋಗುತ್ತದೆ. 80 ಬೈಟ್ ಲೆಕ್ಕ ಐಪಿವಿ6ಕ್ಕೆ.

ಹಳೇಪೇಪರ್ ಅವರೇ, ಉತ್ತರದ ಜೊತೆ ಕ್ಲಸ್ಟರ್ಸ್ ಅಂತ ಒಂದು ಭಾಗ ಬರುತ್ತದಲ್ಲ, ಅದನ್ನು ಹಾಕಿ. ಸ್ಕಿಪ್ ಅನ್‌ಅವೈಲಬಲ್ ಅನ್ನುವ ಸೆಟಿಂಗ್ ಆನ್ ಇದ್ದರೆ ದೂರದ ಕ್ಲಸ್ಟರ್ (ಇಲ್ಲಿ ಒಂದೊಂದು ಊರಿನ ಸರ್ವರ್) ಸತ್ತು ಬಿದ್ದಿದ್ದರೂ ಎರರ್ ಕೊಡದೆ ಉಳಿದವರ ಉತ್ತರವನ್ನಷ್ಟೇ ತೋರಿಸುತ್ತದೆ. ಬಿಟ್ಟಿದ್ದು ಎಷ್ಟು ಅನ್ನುವುದು ಆ ಭಾಗದಲ್ಲಿ ಮಾತ್ರ ಕಾಣುತ್ತದೆ.

ಟನಲ್‌ಭಟ್ಟ | ಭಾನುವಾರ 12:40
ಐಪಿವಿ4 ಅಂತ ಅವರು ಎಲ್ಲಿ ಹೇಳಿದ್ದಾರೆ?

ಹಳೇಪೇಪರ್ | ಭಾನುವಾರ ಬೆಳಿಗ್ಗೆ 9:15
ಒಟ್ಟು 3, ಯಶಸ್ವಿ 3, ಬಿಟ್ಟಿದ್ದು 0. ಅಂದರೆ ಧಾರವಾಡ ಉತ್ತರ ಕೊಡುತ್ತಿದೆ, ಉತ್ತರವೇ ಸೊನ್ನೆ. ಎಂಟಿಯು 1280 ಹಾಕಿದೆ. ಏನೂ ಬದಲಾಗಲಿಲ್ಲ.

ರ‍್ಯಾಕ್_ರಾಜ | ಭಾನುವಾರ 10:02
ಮೂರು ಊರಿಗೆ ಹಂಚುವ ಬದಲು ಒಂದೇ ಕಡೆ ಇಡಬಾರದಾ? ನನ್ನ ಮನೆಯಲ್ಲಿ ಮೆಟ್ಟಿಲ ಕೆಳಗೆ ಹಳೆ ರ‍್ಯಾಕ್ ಸರ್ವರ್ ಇದೆ, 128 ಜಿಬಿ ರ‍್ಯಾಮ್. ಅದರಲ್ಲಿ ಎಲಾಸ್ಟಿಕ್ ಓಡುವ ಜಾವಾದ ಮೆಮೊರಿ, ಅಂದರೆ ಹೀಪ್‌ಗೆ 30 ಕೊಟ್ಟಿದ್ದೇನೆ. 32 ದಾಟಿದರೆ ಜಾವಾ ಪಾಯಿಂಟರ್ ದೊಡ್ಡದಾಗಿ ಕೊಟ್ಟ ಮೆಮೊರಿ ದಂಡ, ಎಲ್ಲರಿಗೂ ಗೊತ್ತಿರುವುದೇ. ಉಳಿದದ್ದೆಲ್ಲ ಫೈಲ್ ಕ್ಯಾಶ್‌ಗೆ. ಕರೆಂಟ್ ಹೋದರೆ ಯುಪಿಎಸ್ 4 ಗಂಟೆ ತಡೆಯುತ್ತದೆ. ಫೋಟೊ ಹಾಕಲಾ?

ಲೈಟ್‌ಆಗಿರಿ | ಭಾನುವಾರ 10:20
ಹಳೆ ಪೇಪರ್ ಹುಡುಕಲು ಜಾವಾ ಬೇಕಾ! ಪುಟ್ಟ ಡೇಟಾಬೇಸ್ ಎಸ್‌ಕ್ಯುಎಲ್‌ಲೈಟ್‌ನ ಎಫ್‌ಟಿಎಸ್5 ಹುಡುಕಾಟವೇ ಸಾಕು. ಒಂದು ಫೈಲ್, ಮುಗಿಯಿತು. ಇಲ್ಲ ದೊಡ್ಡದೇ ಬೇಕು ಅಂದರೆ ಎಲಾಸ್ಟಿಕ್‌ನಿಂದಲೇ ಕವಲೊಡೆದ ಓಪನ್‌ಸರ್ಚ್ ಹಾಕಿ. 2021ರಲ್ಲಿ ಎಲಾಸ್ಟಿಕ್ ಲೈಸೆನ್ಸ್ ಬದಲಾದ ಮೇಲೆ ನಾನು ಆ ಕಡೆ ತಲೆ ಹಾಕಿಲ್ಲ.

ಪೋರ್ಟ್9200 | ಭಾನುವಾರ 10:33
2024ರಲ್ಲಿ ಎಜಿಪಿಎಲ್ ಅನ್ನುವ ಓಪನ್ ಸೋರ್ಸ್ ಲೈಸೆನ್ಸ್ ಆಯ್ಕೆಯೂ ಸೇರಿಸಿದ್ದಾರೆ. ಮನೆಯಲ್ಲಿ ಮೂವರು ಹಳೆ ವಿಶೇಷಾಂಕ ಹುಡುಕಲು ಅದೆಲ್ಲ ಯಾಕೆ? ಎಫ್‌ಟಿಎಸ್5 ಹಾಕಿದರೆ ಮೂರು ಊರಿನ ಉತ್ತರ ಸೇರಿಸುವ ಕೆಲಸ ನೀವು ಮಾಡಿಕೊಡುತ್ತೀರಾ?

ಲೈಟ್‌ಆಗಿರಿ | ಭಾನುವಾರ 10:41
ನಲವತ್ತು ಸಾಲಿನ ಪೈಥಾನ್.

ಪೋರ್ಟ್9200 | ಭಾನುವಾರ 10:44
ಬರೆದು ಹಾಕಿ, ನೋಡೋಣ.

(ಇದರ ಮುಂದಿನ 11 ಉತ್ತರಗಳನ್ನು "ಲೈಸೆನ್ಸ್ ಜಗಳ" ಎಂಬ ಬೇರೆ ಚರ್ಚೆಗೆ ಸರಿಸಲಾಗಿದೆ. - ಮಾಡರೇಟರ್)

ಟನಲ್‌ಭಟ್ಟ | ಭಾನುವಾರ ಮಧ್ಯಾಹ್ನ 2:10
ಎಂಟಿಯು ಎರಡೂ ತುದಿಯಲ್ಲಿ ಇಳಿಸಿದ್ದೀರಾ? ಒಂದೇ ಕಡೆ ಇಳಿಸಿದರೆ ಪ್ರಯೋಜನವಿಲ್ಲ.

ಹಳೇಪೇಪರ್ | ಭಾನುವಾರ 2:55
ಎರಡೂ ಕಡೆ ಇಳಿಸಿದೆ. ಧಾರವಾಡದ ಗೆಳೆಯ ಊಟ ಬಿಟ್ಟು ಎದ್ದು ಮಾಡಿದ್ದಾನೆ. ಲೈನ್ ಸರಿ ಇದೆ ಅನ್ನಿಸುತ್ತದೆ. ಯಾಕೆಂದರೆ ಮಾಸ್ತಿ ಅಂತ ಹುಡುಕಿದರೆ ಧಾರವಾಡದಿಂದ 41 ಬರುತ್ತದೆ. ಅದು ಮೊದಲಿಂದಲೂ ಬರುತ್ತಿತ್ತು.

ಪೋರ್ಟ್9200 | ಭಾನುವಾರ 3:01
ಏನು? ಬೇರೆ ಪದ ಸಿಗುತ್ತಿದೆಯಾ? ಇದನ್ನು ಮೊದಲೇ ಹೇಳಬಾರದಾ ಗುರು!

ಹಳೇಪೇಪರ್ | ಭಾನುವಾರ 3:04
ಸಿಗುವುದರ ಬಗ್ಗೆ ಯಾಕೆ ಹೇಳಲಿ? ತೊಂದರೆ ಇರುವುದು ಸಿಗದಿದ್ದರ ಬಗ್ಗೆ ಅಲ್ವಾ?

ಟನಲ್‌ಭಟ್ಟ | ಭಾನುವಾರ 3:12
ಇದು ನನ್ನ ಮಾತಿಗೇ ಸಾಕ್ಷಿ. ಮಾಸ್ತಿ 41, ಚಿಕ್ಕ ಉತ್ತರ, ದಾಟಿತು. ಧಾರವಾಡದಲ್ಲಿ ಬೇಂದ್ರೆ ಸಾವಿರ ಇರಬಹುದು, ದೊಡ್ಡ ಉತ್ತರ, ಬಿತ್ತು.

ಪೋರ್ಟ್9200 | ಭಾನುವಾರ 3:20
ಭಟ್ರೆ, ಸಾವಿರ ಇದ್ದರೂ ಎಷ್ಟು ಬೇಕು ಅಂತ ಸೈಜ್ ಹೇಳದಿದ್ದರೆ ವಾಪಸ್ ಬರುವುದು ಹತ್ತೇ. ದೂರದ ಕ್ಲಸ್ಟರ್ ಹುಡುಕಾಟ ತನ್ನಲ್ಲೇ ಮುಗಿಸಿ ತನ್ನ ಮೊದಲ ಹತ್ತು ಕಳಿಸುತ್ತದೆ, ಕೇಳಿದವನು ಎಲ್ಲರ ಹತ್ತನ್ನೂ ಸೇರಿಸಿ ವಿಂಗಡಿಸುತ್ತಾನೆ. ಮಾಸ್ತಿಗೂ ಹತ್ತು, ಬೇಂದ್ರೆಗೂ ಹತ್ತು. ಲೈನ್ ಮೇಲೆ ಹೆಚ್ಚುಕಮ್ಮಿ ಒಂದೇ ಭಾರ.

ಹಳೇಪೇಪರ್, ಇನ್ನಷ್ಟು ಹೆಸರು ಹುಡುಕಿ, ಧಾರವಾಡದ ಲೆಕ್ಕ ಮಾತ್ರ ಹಾಕಿ.

ಹಳೇಪೇಪರ್ | ಭಾನುವಾರ 3:48
ಬೇಂದ್ರೆ 0
ಕುವೆಂಪು 0
ಕಾರಂತ 0
ಮಾಸ್ತಿ 41
ಗೋಕಾಕ 63
ಗಳಗನಾಥ 9
ಡಿವಿಜಿ 17

ರ‍್ಯಾಕ್_ರಾಜ | ಭಾನುವಾರ 3:55
ಧಾರವಾಡದವರಿಗೆ ಕುವೆಂಪು ಬೇಡ ಅಂದರೆ ಹೇಗೋ ಒಪ್ಪಬಹುದು 😄

ಅದೃಶ್ಯಅಕ್ಷರ | ಭಾನುವಾರ 4:30
ಕನ್ನಡ ಅಂದ ಮೇಲೆ ಇದು ಜೀರೊ ವಿಡ್ತ್ ನಾನ್ ಜಾಯಿನರ್ ಕಾಟವೇ. ರಾಜ್‌ಕುಮಾರ್ ಅಂತ ಬರೆಯಲು ಜ್ ಆದಮೇಲೆ ಒಂದು ಕಾಣದ ಅಕ್ಷರ ಹಾಕುತ್ತೇವಲ್ಲ, ಅದು. ಸ್ಟ್ಯಾಂಡರ್ಡ್ ಟೋಕನೈಸರ್ (ಪಠ್ಯವನ್ನು ಟೋಕನ್, ಅಂದರೆ ಬಿಡಿ ಪದಗಳಾಗಿ ಒಡೆಯುವ ಭಾಗ) ಅದನ್ನು ಪದದೊಳಗೇ ಬಿಡುತ್ತದೆ. ಅದಿಲ್ಲದೆ ಹುಡುಕಿದರೆ ಸಿಗುವುದಿಲ್ಲ. ಐಸಿಯು ಪ್ಲಗಿನ್ ಹಾಕಿ, ನಾರ್ಮಲೈಸರ್ ಆನ್ ಮಾಡಿ. ಕಾಣದ ಅಕ್ಷರ ತೆಗೆಯುತ್ತದೆ. ಎ ಚಿಹ್ನೆ ಬೇರೆ, ಊ ಚಿಹ್ನೆ ಬೇರೆ ಅಂತ ಬಿಡಿಬಿಡಿಯಾಗಿ ಕೂತ ಒ ಸ್ವರವನ್ನೂ ಒಂದು ಮಾಡುತ್ತದೆ. ಕನ್ನಡದ 90 ಭಾಗ ಕಾಯಿಲೆಗೆ ಇದೇ ಮದ್ದು.

ಪೋರ್ಟ್9200 | ಭಾನುವಾರ 4:41
ಮದ್ದು ಒಳ್ಳೆಯದೇ. ಆದರೆ ಬೇಂದ್ರೆಯಲ್ಲಿ ನಾನ್ ಜಾಯಿನರ್ ಎಲ್ಲಿ ಬಂತು? ಕುವೆಂಪುವಿನಲ್ಲಿ? ಊಹೆ ಸಾಕು. ಧಾರವಾಡದ ಮೇಲೆ ಬೇ* (ಬೇ ಇಂದ ಶುರುವಾಗುವ ಎಲ್ಲಾ ಪದ) ಅಂತ ವೈಲ್ಡ್‌ಕಾರ್ಡ್ ಓಡಿಸಿ, ಬಂದ ಸಾಲನ್ನು ಇಲ್ಲಿ ಕಾಪಿ ಮಾಡಿ. ಕೈಯಲ್ಲಿ ಟೈಪ್ ಮಾಡಬೇಡಿ, ಕಾಪಿ.

ಹಳೇಪೇಪರ್ | ಭಾನುವಾರ ಸಂಜೆ 5:26
ಬಂತು! ಅಲ್ಲೇ ಇದೆ ನೋಡಿ:

"ಬೇ೦ದ್ರೆ ಮಾತಿಗೆ ನಿ೦ತರೆ ಸಭೆಯಲ್ಲಿ ಗಡಿಯಾರ ಯಾರೂ ನೋಡುತ್ತಿರಲಿಲ್ಲ"

ಇಷ್ಟು ಸ್ಪಷ್ಟವಾಗಿ ಬೇಂದ್ರೆ ಅಂತ ಇದ್ದೂ ಸಿಗುವುದಿಲ್ಲ ಅಂದರೆ ಇಂಡೆಕ್ಸೇ ಕೆಟ್ಟಿದೆ ಅಲ್ವಾ? ಅಳಿಸಿ ಮೊದಲಿಂದ ಮಾಡಲಾ?

ಡಿಟಿಪಿ_ಅಕ್ಕ | ಭಾನುವಾರ ರಾತ್ರಿ 8:03
ಏನೂ ಅಳಿಸಬ್ಯಾಡ ತಮ್ಮಾ. ಅದು ಬೇಂದ್ರೆ ಅಲ್ಲ. ಬೇ, ಸೊನ್ನೆ, ದ್ರೆ.

ಹುಬ್ಬಳ್ಳಿಯಲ್ಲಿ 22 ವರ್ಷ ಡಿಟಿಪಿ ಮಾಡಿದ್ದೇನೆ, ಈ ದುಂಡಗೆ ಎಲ್ಲಿದ್ದರೂ ನನ್ನ ಕಣ್ಣಿಗೆ ಬೀಳುತ್ತದೆ. ನಿಮ್ಮ ಸಾಲಿನಲ್ಲಿ ಬೇ ಮುಂದಿನ ದುಂಡಗೆ ನೋಡಿ, ಆಮೇಲೆ ನೀವೇ ಟೈಪ್ ಮಾಡಿದ ಬೇಂದ್ರೆ ನೋಡಿ. ಕಾಪಿ ಮಾಡಿದ್ದು ಒಂದು ಕೂದಲು ದೊಡ್ಡದು, ಎರಡೂ ಬದಿ ಚೂರು ಜಾಗ ಜಾಸ್ತಿ. ಕೆಲವು ಫಾಂಟಿನಲ್ಲಿ ಅಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಒಂದು ಕನ್ನಡ ಅಂಕಿ, ಒಂದು ಅನುಸ್ವಾರ. ಯೂನಿಕೋಡಿನಲ್ಲಿ ಅಂಕಿ 0ಸಿಇ6, ಅನುಸ್ವಾರ 0ಸಿ82. ನಿಂತರೆ ಅನ್ನುವಲ್ಲೂ ಅದೇ ಆಗಿದೆ. ನಿಮ್ಮ ಪಟ್ಟಿಯಲ್ಲಿ ಸಿಕ್ಕ ಹೆಸರು ಯಾವುದರಲ್ಲಾದರೂ ಅನುಸ್ವಾರ ಇದೆಯಾ? ಸಿಗದ ಮೂರರಲ್ಲೂ ಇದೆ.

ಧಾರವಾಡದ ಪಠ್ಯ ಎಲ್ಲಿಂದ ಬಂತು?

ಹಳೇಪೇಪರ್ | ಭಾನುವಾರ 8:20
ಅಯ್ಯೋ ಅಕ್ಕಾ. ಗೆಳೆಯನ ಅಪ್ಪ ಪ್ರೆಸ್ ಇಟ್ಟಿದ್ದರು. ಹಳೆ ಸಿಡಿಗಳಲ್ಲಿ ಯೂನಿಕೋಡ್ ಅಲ್ಲದ ನುಡಿ ಫಾಂಟಿನ ಫೈಲುಗಳಿದ್ದವು. ಗೆಳೆಯ ಸ್ವಂತ ಸ್ಕ್ರಿಪ್ಟ್ ಬರೆದು ಯೂನಿಕೋಡ್‌ಗೆ ತಿರುಗಿಸಿದ್ದ. ನಂದು ಕೈಯಿಂದ ಟೈಪ್ ಮಾಡಿದ್ದು, ಮೈಸೂರಿನದು ಒಸಿಆರ್, ಅಂದರೆ ಸ್ಕ್ಯಾನ್ ಚಿತ್ರದಿಂದ ಯಂತ್ರ ಓದಿದ್ದು. ಇದೆಲ್ಲ ಮುಖ್ಯ ಅಂತ ಅನ್ನಿಸಲೇ ಇಲ್ಲ.

ಡಿಟಿಪಿ_ಅಕ್ಕ | ಭಾನುವಾರ 8:31
ಇದೇ ಮುಖ್ಯ. ನುಡಿಯ ಹಳೆ ಫಾಂಟಿನಲ್ಲಿ ಅನುಸ್ವಾರ ಕೂತಿರುವುದು ಇಂಗ್ಲಿಷಿನ ದೊಡ್ಡ ಎ ಅಕ್ಷರದ ಜಾಗದಲ್ಲಿ. ಸ್ಕ್ರಿಪ್ಟಿನ ಪಟ್ಟಿಯಲ್ಲಿ ಆ ಎ ಎದುರಿಗೆ ಏನಿದೆ ನೋಡಲು ಹೇಳಿ.

ಹಳೇಪೇಪರ್ | ಭಾನುವಾರ 8:58
೦ ಇದೆ. ಅಂಕಿ. ನೋಡಲು ಒಂದೇ ತರ ಇತ್ತು ಅಂತ ಯಾವುದೋ ಪಿಡಿಎಫ್‌ನಿಂದ ಕಾಪಿ ಮಾಡಿಕೊಂಡಿದ್ದನಂತೆ.

ಪೋರ್ಟ್9200 | ಭಾನುವಾರ 9:10
ಅಕ್ಕಾ, ಕೈ ಮುಗಿದೆ. ಹಳೇಪೇಪರ್, ಆ ಪದವನ್ನು ಅನಲೈಜ್ ಎಪಿಐಗೆ ಕೊಟ್ಟು ಟೋಕನ್ ಏನು ಬರುತ್ತದೆ ನೋಡಿ.

ಹಳೇಪೇಪರ್ | ಭಾನುವಾರ 9:17
ಬೇ0ದ್ರೆ

ಪೋರ್ಟ್9200 | ಭಾನುವಾರ 9:24
ಇಂಗ್ಲಿಷ್ ಸೊನ್ನೆ! ಅನಲೈಸರನ್ನು (ಪಠ್ಯವನ್ನು ಟೋಕನ್ ಮಾಡುವ ನಿಯಮಗಳ ಕಟ್ಟು) ಹಿಂದಿಯದರಿಂದ ಕಾಪಿ ಮಾಡಿದ್ದೀರಿ, ಹೌದಾ? ಅದರಲ್ಲಿ ಡೆಸಿಮಲ್ ಡಿಜಿಟ್ ಅನ್ನುವ ಫಿಲ್ಟರ್ ಇದೆ, ಎಲ್ಲಾ ಲಿಪಿಯ ಅಂಕಿಗಳನ್ನೂ 0-9 ಮಾಡುತ್ತದೆ. ಕನ್ನಡಕ್ಕೆ ಸಿದ್ಧ ಅನಲೈಸರ್ ಇಲ್ಲ, ಹಾಗಾಗಿ ಎಲ್ಲರೂ ಮಾಡುವುದು ಇದನ್ನೇ. ಮತ್ತೆ ಅದೃಶ್ಯಅಕ್ಷರ ಅವರೇ, ಐಸಿಯು ನಾರ್ಮಲೈಸರ್ ಇದನ್ನು ಮುಟ್ಟುವುದಿಲ್ಲ. ಅದರ ಪಾಲಿಗೆ ೦ ಸಾಚಾ ಅಂಕಿ.

ಅದೃಶ್ಯಅಕ್ಷರ | ಭಾನುವಾರ 9:30
90 ಭಾಗ ಅಂದಿದ್ದೆ. 100 ಅಂದಿರಲಿಲ್ಲ.

ಹಳೇಪೇಪರ್ | ಸೋಮವಾರ ಬೆಳಿಗ್ಗೆ 6:40
ರಾತ್ರಿಯೇ ಕ್ಯಾರೆಕ್ಟರ್ ಫಿಲ್ಟರ್ ಹಾಕಿ ಎಲ್ಲಾ ೦ ಅನ್ನು ಅನುಸ್ವಾರ ಮಾಡಿದೆ. ಮೊದಲು ಏನೂ ಬದಲಾಗಲಿಲ್ಲ. ಹೊಸ ಇಂಡೆಕ್ಸ್ ಮಾಡಿ ರೀಇಂಡೆಕ್ಸ್ ಮಾಡಬೇಕು ಅಂತ ಎರಡು ಗಂಟೆ ಆದಮೇಲೆ ಹೊಳೆಯಿತು. ಈಗ ಬೇಂದ್ರೆ ಬರುತ್ತಾರೆ. ಆದರೆ 1930 ಅಂತ ಹುಡುಕಿದರೆ ಧಾರವಾಡದಲ್ಲಿ ಒಂದೂ ಇಲ್ಲ. ವರ್ಷಗಳೆಲ್ಲ 193ಂ ಆಗಿ ಕೂತಿವೆ.

ಪೋರ್ಟ್9200 | ಸೋಮವಾರ 7:55
ಸಾರಾಸಗಟಾಗಿ ಬದಲಿಸಬೇಡಿ. ಪ್ಯಾಟರ್ನ್ ರಿಪ್ಲೇಸ್ ಹಾಕಿ:

(?<=[ಅ-ೌ])೦

ಇದರ ಬದಲಿಗೆ ಅನುಸ್ವಾರ. ಅಂದರೆ ಹಿಂದೆ ಅಕ್ಷರವೋ ಸ್ವರಚಿಹ್ನೆಯೋ ಇದ್ದರೆ ಮಾತ್ರ ಬದಲಿಸು, ಅಂಕಿ ಇದ್ದರೆ ಬಿಡು. ಆ ಚುಕ್ಕಿ ಚುಕ್ಕಿ ವೃತ್ತ ನೋಡಿ ಗಾಬರಿಯಾಗಬೇಡಿ, ಔ ಚಿಹ್ನೆ ಒಂಟಿಯಾಗಿ ನಿಂತಾಗ ಹಾಗೇ ಕಾಣುತ್ತದೆ. ಇದರಲ್ಲಿ ಬದಲಾಗುವುದು ಟೋಕನ್ ಮಾತ್ರ, ಮೂಲ ಪಠ್ಯ ಹಾಗೇ ಉಳಿಯುತ್ತದೆ.

ಡಿಟಿಪಿ_ಅಕ್ಕ | ಸೋಮವಾರ 8:20
ಉಳಿಯಬಾರದು ಅನ್ನುವುದೇ ನನ್ನ ಮಾತು. ಸ್ಕ್ರಿಪ್ಟಿನ ಆ ಒಂದು ಸಾಲು ತಿದ್ದಿ, ಸಿಡಿಯಿಂದ ಮತ್ತೊಮ್ಮೆ ತಿರುಗಿಸಿರಿ. ನಾಳೆ ಯಾರೋ ಈ ಪಠ್ಯವನ್ನು ಪುಸ್ತಕಕ್ಕೆ ತೆಗೆದುಕೊಂಡರೆ ಸೊನ್ನೆಯೂ ಜೊತೆಗೆ ಹೋಗುತ್ತದೆ. ಅಂತಹ ಪುಸ್ತಕದ ಪ್ರೂಫ್ ನೋಡಿ ನೋಡಿ ನನಗೆ ಸಾಕಾಗಿದೆ.

ಪೋರ್ಟ್9200 | ಸೋಮವಾರ 8:34
ಮೂಲವನ್ನು ಮುಟ್ಟಬಾರದು ಅಕ್ಕಾ. ಬಂದದ್ದು ಬಂದ ಹಾಗೇ ಇರಬೇಕು.

ಡಿಟಿಪಿ_ಅಕ್ಕ | ಸೋಮವಾರ 8:39
ಮೂಲ ಅಂದರೆ ಸಿಡಿಯಲ್ಲಿ ಇರುವುದು. ಅದರಲ್ಲಿ ತಪ್ಪಿಲ್ಲ.

ಹಳೇಪೇಪರ್ | ಸೋಮವಾರ ರಾತ್ರಿ 10:15
ಅಕ್ಕ ಹೇಳಿದಂತೆಯೇ ಮಾಡಿದೆವು, ಫಿಲ್ಟರನ್ನೂ ಇಟ್ಟುಕೊಂಡೆವು. ಧಾರವಾಡದಲ್ಲಿ ಬೇಂದ್ರೆ ಈಗ 640! ನಮ್ಮಿಬ್ಬರದ್ದು ಸೇರಿಸಿದರೂ ಅಷ್ಟಿಲ್ಲ. ಬೇಂದ್ರೆಯವರ, ಬೇಂದ್ರೆಗೆ ಅನ್ನುವುದೆಲ್ಲ ಇದರಲ್ಲಿ ಸೇರಿಲ್ಲ, ಪ್ರತ್ಯಯ ಕಳಚುವ ಸ್ಟೆಮ್ಮರ್ ಇಲ್ಲವಲ್ಲ. ಎಲ್ಲರಿಗೂ ಥ್ಯಾಂಕ್ಸ್. ಭಟ್ರೆ, ನಿಮಗೂ. 1280 ಹಾಗೇ ಬಿಟ್ಟಿದ್ದೇನೆ.

ಈಗ ಮೈಸೂರಿನವನಿಗೆ ಅನುಮಾನ ಶುರುವಾಗಿದೆ. ಅವನದು ಮೂವರಲ್ಲೇ ದೊಡ್ಡ ಸಂಗ್ರಹ, 187 ಕಮ್ಮಿ ಅಂತ. ಅಲ್ಲೂ ಬೇ* ಓಡಿಸಿದೆವು. ಸಿಗದ ಸಾಲಿನ ಟೋಕನ್‌ನಲ್ಲಿ ಸೊನ್ನೆ ಅಂಕಿ ಇಲ್ಲ, ದುಂಡಗೆ ಸರಿಯಾಗೇ ಇದೆ. ಆದರೂ ಸಿಗುತ್ತಿಲ್ಲ.

ಡಿಟಿಪಿ_ಅಕ್ಕ | ಸೋಮವಾರ 10:22
ಆ ದುಂಡಗೆಯ ಕೋಡ್ ಎಷ್ಟು?

ಹಳೇಪೇಪರ್ | ಸೋಮವಾರ 10:29
0ಸಿ02.

ಡಿಟಿಪಿ_ಅಕ್ಕ | ಸೋಮವಾರ 10:30
ಅದು ತೆಲುಗು ಅನುಸ್ವಾರ. ಒಸಿಆರ್ ಓಡಿಸುವಾಗ ಯಾವ ಯಾವ ಭಾಷೆ ಟಿಕ್ ಮಾಡಿದ್ದ, ಕೇಳಿ.